ಗಜಕಡ್ಡಿ ಆಡಿದ ಮಾತು

ಬಡಗಿಗೆ ಊರಿಟ್ಟ ಹೆಸರು ಗಜಕಡ್ಡಿ. ಕಿಟಕಿಯ ಚೌಕಟ್ಟು ಕೂದಲೆಳೆಯಷ್ಟು ಓರೆಯಾಗಿದ್ದರೂ ರಸ್ತೆಯ ಆಚೆ ಬದಿಯಿಂದಲೇ ಹೇಳಿಬಿಡುತ್ತಿದ್ದ. ಆ ಕಣ್ಣನ್ನು ನೆಚ್ಚಿಯೇ ಬೇಟೆನಾಯಿ ಸಾಕುವವರ ಸಂಘ ಅವನನ್ನು ತಳಿ ಪರೀಕ್ಷಕನನ್ನಾಗಿ ಮಾಡಿಕೊಂಡಿತ್ತು. ಭುಜದ ಎತ್ತರ, ಎದೆಯ ಆಳ, ಹಲ್ಲು ಕೂರುವ ಬಗೆ, ಬಾಲದ ಬಾಗು ಎಲ್ಲವೂ ಸಂಘದ ನಿಯಮಕ್ಕೆ ಒಪ್ಪಬೇಕು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಅಮ್ಮ ಅಜ್ಜ ಅಜ್ಜಿ ಯಾರೆಂದು ಗೊತ್ತಿರಬೇಕು. ಆಗಷ್ಟೇ ನಾಯಿಗೆ ನೋಂದಣಿ.

ಗಜಕಡ್ಡಿ ಯಾರ ಮುಲಾಜಿಗೂ ಬೀಳುವವನಲ್ಲ. ಆದರೆ ಅವನ ನಾಲಿಗೆಗೆ ಎಲುಬಿರಲಿಲ್ಲ. ನಾಯಿಯನ್ನು ತಿರಸ್ಕರಿಸುವಾಗ ಒಂದು ಚಟಾಕಿ ಹಾರಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. "ಈ ಬಾಲ ನೋಡಿದ್ರೆ ಇದರಪ್ಪ ನರಿ ಇರ್ಬೇಕು ಕಣ್ರೀ" ಅಂದರೆ ಸಭಾಂಗಣವೆಲ್ಲ ಗೊಳ್ಳೆನ್ನುತ್ತಿತ್ತು. ಅದನ್ನು ಕೇಳಲೆಂದೇ ಬರುವವರಿದ್ದರು.

ಆ ವರ್ಷದ ನೋಂದಣಿಗೆ ಅವನ ಅಕ್ಕನ ಮಗಳು ಕಂದು ಬಣ್ಣದ ಹೆಣ್ಣುನಾಯಿಯೊಂದನ್ನು ಹಿಡಿದುಕೊಂಡು ಬಂದಳು. ಅಕ್ಕನಿಗೆ ಮಕ್ಕಳಾಗಿರಲಿಲ್ಲ, ಇವಳು ಅನಾಥಾಶ್ರಮದಿಂದ ತಂದು ಸಾಕಿದ ಕೂಸು. ಗಜಕಡ್ಡಿಯ ಹೆಗಲ ಮೇಲೇ ಬೆಳೆದವಳು, ಅವನೇ ಮಾಡಿದ ತೊಟ್ಟಿಲಲ್ಲಿ ಮಲಗಿದವಳು. ಈಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾಯಿಯೂ ಡಿಪೋದ ಹಿಂದೆ ಹಳೇ ಟೈರುಗಳ ರಾಶಿಯಲ್ಲಿ ಮರಿಯಾಗಿ ಸಿಕ್ಕಿದ್ದು.

ಗಜಕಡ್ಡಿ ಅಳೆದ. ಎತ್ತರ ಸರಿ, ಎದೆ ಸರಿ, ಹಲ್ಲಂತೂ ಜೋಡಿಸಿಟ್ಟ ಹಾಗೆ.

"ಇದರ ತಾಯಿ ಯಾವುದಮ್ಮ?"

"ಗೊತ್ತಿಲ್ಲ ಮಾವ. ಆದ್ರೆ ವಾಸನೆ ಹಿಡಿದ್ರೆ ಬಿಡೋದೇ ಇಲ್ಲ. ಒಂದ್ಸಲ ಓಡಿಸಿ ನೋಡಿ."

ಜನ ಆಗಲೇ ಬಾಯಿ ಅಗಲಿಸಿ ಕಾಯುತ್ತಿದ್ದರು. ಗಜಕಡ್ಡಿ ಅವರತ್ತ ತಿರುಗಿದ. "ನೋಡೋಕೇನೋ ಲಕ್ಷಣವಾಗಿದೆ. ಎಲ್ಲಿ ಹುಟ್ತೋ, ಯಾರಿಗೆ ಹುಟ್ತೋ! ಬೀದೀಲಿ ಸಿಕ್ಕಿದ್ದನ್ನ ಮನೆಗೆ ತಂದು ಮೈ ತೊಳೆದ್ರೆ ಕುಲ ಬಂದ್ಬಿಡುತ್ತಾ?"

ಯಾರೂ ನಗಲಿಲ್ಲ. ಮುಂದಿನ ಸಾಲಿನವರು ನಾಯಿಯನ್ನು ಬಿಟ್ಟು ಹಗ್ಗ ಹಿಡಿದವಳ ಮುಖ ನೋಡಿದರು. ತಾನು ಏನೆಂದೆನೆಂಬುದು ಗಜಕಡ್ಡಿಗೆ ಕೇಳಿಸಿದ್ದು ಆಗಲೇ. ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡು, "ಆಯ್ತು ಮಾವ" ಎಂದಷ್ಟೇ ಹೇಳಿ ಹೊರಟಳು.

ಮನೆಗೆ ಹೋದರೆ ಅಕ್ಕ ಬಾಗಿಲು ತೆರೆಯಲಿಲ್ಲ. ಗಜಕಡ್ಡಿ ಡಿಪೋಗೆ ಹೋದ. ಅಕ್ಕನ ಮಗಳು ಬಸ್ಸಿನ ಅಡಿಯಲ್ಲಿದ್ದಳು. ಅವಳ ಬೂಟುಗಳಿಗೇ ಮಾತಾಡಿದ. "ನಾನಂದಿದ್ದು ನಾಯಿಗೆ ಕಣಮ್ಮ."

"ನಂಗೊತ್ತು ಮಾವ. ಕೇಳಿದೋರಿಗೆ ಗೊತ್ತಾಗ್ಲಿಲ್ಲ ಅಷ್ಟೆ. ಆ ಸ್ಪ್ಯಾನರ್ ಕೊಡಿ."

ಅವಳು ಉಗಿದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತಾನೇ ತೀರ್ಮಾನಿಸಿದ. ಅವಳನ್ನು ಒಂದು ಮಾತು ಕೇಳಲಿಲ್ಲ. ಸಂಘದ ಮುಂದಿನ ಸಭೆಗೆ ತಾಯಿ ಮಗಳಿಬ್ಬರನ್ನೂ ಕಾಡಿ ಬೇಡಿ ಕರೆಸಿ, ಮೈಕಿನ ಮುಂದೆ ನಿಂತ.

"ಈ ಹುಡುಗಿ ನಮ್ಮಕ್ಕ ಹೆತ್ತ ಮಗಳಲ್ಲ. ತಂದು ಸಾಕಿದ್ದು. ಆದ್ರೂ ನಮ್ಮ ಮನೆಯವಳೇ. ಅವತ್ತು ನಾನು..."

"ಹೌದಾ? ನಂಗೆ ಗೊತ್ತೇ ಇರ್ಲಿಲ್ಲ!" ಹಿಂದಿನ ಸಾಲಿನಿಂದ, ತಾನೂ ನಾಯಿ ಸಾಕಿದ್ದ ಡಿಪೋದ ಡ್ರೈವರ್ ಒಬ್ಬ ಪಕ್ಕದವನಿಗೆ ಅಂದ. ಗೊತ್ತಿಲ್ಲದಿದ್ದವರೂ ಈಗ ಕತ್ತು ಚಾಚಿ ಅವಳನ್ನು ಹುಡುಕಿದರು. ಗಜಕಡ್ಡಿ ಗಾಯಕ್ಕೆ ಮುಲಾಮು ಹಚ್ಚಲು ಹೋಗಿ ಬರೆ ಎಳೆದಿದ್ದ. ಅವಳೇ ಎದ್ದು ಬಂದು ಅವನ ತೋಳು ಹಿಡಿದಳು. "ಸಾಕು ಮಾವ. ಮನೆಗೆ ಹೋಗೋಣ ಬನ್ನಿ."

ದಾರಿಯಲ್ಲಿ ಅಕ್ಕ ಬಾಯಿ ಬಿಟ್ಟಳು. "'ಆದ್ರೂ ನಮ್ಮ ಮನೆಯವಳೇ' ಅಂದ್ಯಲ್ಲೋ. ಇಷ್ಟು ವರ್ಷ ಆ 'ಆದ್ರೂ'ನ ಎಲ್ಲಿ ಬಚ್ಚಿಟ್ಕೊಂಡಿದ್ದೆ?"

ಅದನ್ನು ಹುಡುಕಲು ಅವನಿಗೆ ಹೆದರಿಕೆಯಾಯಿತು.

ಪರೀಕ್ಷಕನ ಕೆಲಸ ಬಿಟ್ಟ. ನಿಯಮ ಬದಲಾಗಲಿಲ್ಲ, ನಾಯಿಗೆ ನೋಂದಣಿಯೂ ಆಗಲಿಲ್ಲ. ಅಕ್ಕ ನಿಧಾನಕ್ಕೆ ಮಾತಿಗೆ ಬಂದಳು, ಮೊದಲಿನ ಸಲಿಗೆ ಮಾತ್ರ ಬರಲಿಲ್ಲ. ಅಕ್ಕನ ಮಗಳು ರಜಾದಿನ ನಾಯಿಯನ್ನು ಬಯಲಿಗೆ ಕರೆದೊಯ್ಯುವಾಗ ಅವನನ್ನೂ ಕರೆಯುತ್ತಾಳೆ. ನಾಯಿ ಮೊಲದ ಜಾಡು ಹಿಡಿದು ನೆಲಕ್ಕೆ ಮೂಗು ಹಚ್ಚಿ ಓಡಿದರೆ, "ಬೇಗ ಬನ್ನಿ ಮಾವ, ನೋಡಿ ಬನ್ನಿ!" ಎಂದು ಕೂಗುತ್ತಾಳೆ. ಅವನು ಬೇಗ ಬೇಗ ಹೆಜ್ಜೆ ಹಾಕುತ್ತಾನೆ. ಆದರೆ ಅವಳ ಸಮಕ್ಕೆ ಬಂದು ನಿಲ್ಲಲು ಇನ್ನೂ ಧೈರ್ಯವಿಲ್ಲ.