ಮಡಚಿದ ಮೊಣಕೈಗೆ ಅಕ್ಕನ ಕಾವಲು

ಬೆಳಗಿನ ಐದೂವರೆ. ತೀವ್ರ ನಿಗಾ ಘಟಕದ ನಾಲ್ಕನೇ ಹಾಸಿಗೆಯ ಪಕ್ಕ ಅಕ್ಕ ಬಿಸಿನೀರಿನ ಬೋಗುಣಿ ಇಡುತ್ತಾರೆ. ಅಪಘಾತದಲ್ಲಿ ತಲೆಗೂ ಕೈಗೂ ಪೆಟ್ಟಾದ ಮೆಕ್ಯಾನಿಕ್ ಮಲಗಿದ್ದಾನೆ. "ಮುಖ ಒರೆಸ್ತೀನಿ ಮಗಾ, ನೀರು ಸ್ವಲ್ಪ ಬಿಸಿ ಇದೆ" ಎನ್ನುತ್ತಾರೆ. ಅವನಿಗೆ ಕೇಳಿಸುತ್ತದೋ ಇಲ್ಲವೋ, ಹೇಳದೆ ಮುಟ್ಟುವ ಅಭ್ಯಾಸ ಇವರಿಗಿಲ್ಲ. ಎಡಗೈ ತಂಟೆಗೆ ಮಾತ್ರ ಹೋಗುವುದಿಲ್ಲ. ಮಡಚಿ ಪಟ್ಟಿ ಕಟ್ಟಿದ ಆ ಮೊಣಕೈಯಲ್ಲಿ ಹೊಲಿದ ನರವಿದೆ. ಕೈ ನೆಟ್ಟಗೆ ಮಾಡಿದರೆ ಹೊಲಿಗೆ ಕಿತ್ತೀತು.

ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷದಿಂದ ಆಯಾ ಆಗಿರುವ ಇವರನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ಹನ್ನೆರಡು ರೋಗಿಗಳಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದು ಪಾಳಿಗೆ ನಲವತ್ತೆಂಟು ಸಲ. "ನನ್ನ ಸೊಂಟದ ಸುದ್ದಿ ಮಾತ್ರ ಕೇಳಬೇಡಿ" ಎಂದು ಅವರ ಕುರಿತು ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಮೊದಲು ಇದ್ದದ್ದು ಆಪರೇಷನ್ ಥಿಯೇಟರಿನಲ್ಲಿ, ಉಪಕರಣ ತೊಳೆಯುವ ಕೆಲಸ. "ಹಿಂದೆ ನರಾನ ಬರಿಗಣ್ಣಲ್ಲೇ ಹೊಲೀತಿದ್ರಂತೆ. ಎಷ್ಟೋ ಕೈ ಮರದ ಕೊರಡಿನ ಥರ ಉಳಿದುಬಿಡ್ತಿತ್ತು ಅಂತ ದೊಡ್ಡ ಡಾಕ್ಟರು ಹೇಳೋರು. ಆಮೇಲೆ ಮೈಕ್ರೋಸ್ಕೋಪ್ ಬಂತು. ನನಗೂ ಒಂದ್ಸಲ ತೋರಿಸಿದ್ರು. ದಾರ ಕೂದಲಿಗಿಂತ ಸಣ್ಣ. ಅವತ್ತಿಂದ ಹೊಲಿದ ಕೈ ಕಂಡ್ರೆ ನಂಗೆ ಬಾಣಂತಿ ಕಂಡ ಹಾಗೆ."

ಆ ಮಮತೆಯೇ ಕೆಲಸಕ್ಕೆ ಕುತ್ತು ತಂದಿತು. ಹೋದ ವಾರ ಡ್ರಿಪ್ ಸೂಜಿ ಚುಚ್ಚಲು ಬಲಗೈಯಲ್ಲಿ ರಕ್ತನಾಳ ಸಿಗದೆ, ಹೆಡ್ ಸಿಸ್ಟರ್ ಈ ಎಡಗೈಯ ಪಟ್ಟಿ ಬಿಚ್ಚತೊಡಗಿದ್ದರು. ಅಕ್ಕ ಅವರ ಮಣಿಕಟ್ಟು ಹಿಡಿದುಬಿಟ್ಟರು. "ಬೆಡ್‌ಪ್ಯಾನ್ ಎತ್ತೋರು ನನಗೆ ಪಾಠ ಹೇಳ್ತೀರಾ?" ಎಂದರು ಸಿಸ್ಟರ್, ರೋಗಿಯ ತಾಯಿಯ ಎದುರೇ. ಸಿಸ್ಟರ್ ಕಡೆಯಿಂದ ದೂರು ಹೋಯಿತು. ನಿವೃತ್ತಿಗೆ ಐದು ತಿಂಗಳಿರುವಾಗ ಘಟಕದಿಂದಲೇ ಎತ್ತಂಗಡಿಯ ಮಾತು ಬಂತು.

ನಿನ್ನೆ ವಿಚಾರಣೆ. ಸಿಸ್ಟರ್ ಮಾಡಿದ ತಪ್ಪನ್ನು ಎತ್ತಿ ಆಡಿದ್ದರೆ ಅಕ್ಕ ಸಲೀಸಾಗಿ ಪಾರಾಗುತ್ತಿದ್ದರು. ಆಡಲಿಲ್ಲ. "ಕೈ ಹಿಡಿದಿದ್ದು ನನ್ನ ತಪ್ಪೇ. ಆದ್ರೆ ಸಿಸ್ಟರ್ ಅವತ್ತು ಹದಿನಾರು ಗಂಟೆಯಿಂದ ನಿಂತೇ ಇದ್ರು. ಅದನ್ನೂ ಬರ್ಕೊಳ್ಳಿ ಸರ್" ಎಂದರಂತೆ. ಕೇಳುತ್ತಿದ್ದ ಸಿಸ್ಟರ್ ಅಲ್ಲೇ ಕಣ್ಣೊರೆಸಿಕೊಂಡು ದೂರು ಹಿಂತೆಗೆದುಕೊಂಡರು.

ಇವತ್ತು ಇಬ್ಬರೂ ಸೇರಿ ಮೆಕ್ಯಾನಿಕ್‌ನ ಮಗ್ಗುಲು ಬದಲಿಸುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಅಕ್ಕನನ್ನು ಕೇಳುತ್ತೇನೆ.

"ನರ ದಿನಕ್ಕೆ ಒಂದೇ ಮಿಲಿಮೀಟರ್ ಬೆಳೆಯೋದು. ಬೆರಳಿಗೆ ಬರೋಕೆ ಹತ್ತು ತಿಂಗಳಾದ್ರೂ ಬೇಕು. ಅಷ್ಟೊತ್ತಿಗೆ ನಾನು ಇಲ್ಲಿರಲ್ಲ. ಇವನ ಬೆರಳು ಆಡೋದು ಒಂದ್ಸಲ ನೋಡ್ಬೇಕಿತ್ತು."

ದಿಂಬು ಸರಿಪಡಿಸುತ್ತಿದ್ದ ಸಿಸ್ಟರ್ ತಲೆ ಎತ್ತದೆ ಹೇಳುತ್ತಾರೆ: "ಫೋನ್ ಮಾಡ್ತೀನಿ ಅಕ್ಕಾ. ಬಂದ್ಬಿಡು."