ವಿಲ್ಫ್ ಟ್ರೆಲೋರ್ ಕೇಳಿದ ಎರಡನೇ ಟ್ಯೂಬು

ವಿಲ್ಫ್ ಟ್ರೆಲೋರ್ ನಮ್ಮ ಕಡೆ ಐವತ್ತು ವರ್ಷ ಬೇಲಿ ಹಾಕಿದವನು. ವಾಲಂಬಿ ಊರಿನಿಂದ ಹೊಳೆಯವರೆಗೆ ಯಾರ ಹುಲ್ಲುಗಾವಲಿಗೆ ಹೋದರೂ ಅವನು ಎಳೆದ ತಂತಿ ಇರುತ್ತದೆ. ಕ್ವೀನ್ಸ್‌ಲ್ಯಾಂಡಿನ ಬಿಸಿಲು ನಮ್ಮಂಥ ಬಿಳಿ ತೊಗಲಿನವರಿಗೆ ಹೇಳಿ ಮಾಡಿಸಿದ್ದಲ್ಲ, ಆದರೂ ಇಲ್ಲೇ ಹುಟ್ಟಿ ಇಲ್ಲೇ ಸುಟ್ಟುಕೊಳ್ಳುತ್ತಿದ್ದೇವೆ. ವಿಲ್ಫ್‌ಗೆ ಎಪ್ಪತ್ತೊಂದು ಆಗುವಷ್ಟರಲ್ಲಿ ಹಣೆ, ಮೂಗು, ಕಿವಿಯ ತುದಿ ಎಲ್ಲ ಉಪ್ಪುಕಾಗದದಂತೆ ಒರಟಾಗಿ, ಅಲ್ಲಲ್ಲಿ ಕೆಂಪು ಹೊಟ್ಟು ಏಳುತ್ತಿತ್ತು.

ನಾನು ಐಲ್ಸ. ಇಲ್ಲಿನ ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷದಿಂದ ನಿಂತಿದ್ದೇನೆ. ಊರಿನವರ ಕಾಯಿಲೆಯೆಲ್ಲ ಗೊತ್ತು ಅಂತ ನನಗೊಂದು ಜಂಬ ಇತ್ತು. ವಿಲ್ಫ್‌ನ ಹೆಂಡತಿ ಗ್ವೆಂಡಾ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಾಚೆ, ಗಿರಣಿ ರಸ್ತೆಯ ಕೊನೇ ಮನೆಯಲ್ಲಿ ಒಬ್ಬನೇ ಇದ್ದ. ಅವನಿಗೆ ಬೇಕಾಗಿದ್ದದ್ದು ಎದುರಿಗೆ ಕೂತು ಮಾತಾಡುವ ಒಂದು ಜೀವ, ಅಷ್ಟೇ. ಅದು ನನಗೆ ತಿಳಿದದ್ದು ತೀರಾ ತಡವಾಗಿ.

ನಮ್ಮ ಕಡೆ ಚಳಿಗಾಲ ಶುರುವಾಗುವುದೇ ಜೂನ್‌ನಲ್ಲಿ; ಆಗ, ಚಳಿ ಬಿದ್ದ ಮೇಲೆ, ಡಾಕ್ಟರ ಚೀಟಿ ಹಿಡಿದುಕೊಂಡು ಅಂಗಡಿಗೆ ಬಂದ. ನಮ್ಮಲ್ಲಿ ಮುಖಕ್ಕೆ ಮುಲಾಮು ಹಚ್ಚುವುದೆಲ್ಲ ಚಳಿಗಾಲದಲ್ಲೇ, ಬಿಸಿಲು ಕಮ್ಮಿ ಇರುವಾಗ.

"ಒಂದೊಂದೇ ಕಲೆನ ಹಿಡಿದು ಆ ಮಂಜಿನಂಥ ಔಷಧಿ ಊದಿ ಸುಡೋದು ಇನ್ನು ಸಾಲದಂತೆ ಐಲ್ಸಾ, ಇಡೀ ಮುಖಾನೇ ಕೆಟ್ಟು ಕೂತಿದೆಯಂತೆ," ಅಂದ. "ಹಾಗೇ ಬಿಟ್ರೆ ಮುಂದೆ ಕ್ಯಾನ್ಸರ್ ಆದ್ರೂ ಆಗಬಹುದಂತೆ. ಡಾಕ್ಟರಮ್ಮ ಮೂರು ಥರ ಹೇಳಿದ್ಲು. ಒಂದು ಮೆತ್ತಗಿನ ಜೆಲ್ಲು, ಮೂರು ತಿಂಗಳು ಹಚ್ಚಬೇಕು. ಇನ್ನೊಂದು ಮೈಯೊಳಗಿನ ಕಾವಲಿನೋರನ್ನ ಎಬ್ಬಿಸಿ ಜಗಳಕ್ಕೆ ಬಿಡುತ್ತಂತೆ. ಮೂರನೇದು ಇದು, ಖಾರದ್ದು. ದಿನಕ್ಕೆರಡು ಸಲ, ನಾಲ್ಕು ವಾರ."

"ಮೂರರಲ್ಲಿ ಇದೇ ಬೇಕಿತ್ತಾ ನಿನಗೆ?"

"ಮೂರು ತಿಂಗಳು ಕನ್ನಡಿ ಮುಂದೆ ಕೂತ್ಕೊಳ್ಳೋಕೆ ನಾನೇನು ಮದುವೆ ಹೆಣ್ಣಾ?"

ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ: ತೆಳ್ಳಗೆ ಹಚ್ಚು, ಕಣ್ಣಿನ ಹತ್ತಿರ ಬೇಡ, ಆಮೇಲೆ ಕೈ ತೊಳಿ, ಬಿಸಿಲಿಗೆ ಹೋಗಬೇಡ. ಎರಡನೇ ವಾರಕ್ಕೆ ಮುಖ ಹಸಿ ಮಾಂಸದ ಥರ ಆಗುತ್ತೆ, ಹೆದರಿ ನಿಲ್ಲಿಸಿಬಿಡಬೇಡ, ಔಷಧಿ ಕೆಲಸ ಮಾಡೋದೇ ಹಾಗೆ. ತೀರಾ ಊದಿಕೊಂಡರೆ ಮಾತ್ರ ಡಾಕ್ಟರಿಗೆ ತೋರಿಸು.

"ಆಗಲೇ ದನಗಳು ನನ್ನ ಮುಖ ನೋಡಿ ಓಡ್ತವೆ, ಇನ್ನು ಮೇಲೆ ಬೇಲೀನೇ ಬೇಡ ಬಿಡು," ಅಂದು ನಗುತ್ತ ಹೋದ.

ಇಂಥವರಿಗಾಗಿ ನಮ್ಮೂರಲ್ಲಿ ಒಂದು ರೂಢಿಯಿದೆ. ಮುಲಾಮು ಹಚ್ಚಿಕೊಂಡವರು ಗೇಟಿನ ಕಂಬಕ್ಕೆ ತಮ್ಮ ಟೋಪಿ ಸಿಕ್ಕಿಸುತ್ತಾರೆ. ಟೋಪಿ ಕಂಡರೆ ಯಾರೂ ಒಳಗೆ ಕಾಲಿಡುವುದಿಲ್ಲ. ಕಂಬದ ಬುಡದಲ್ಲಿ ಏನಾದರೂ ಅಡುಗೆ ಇಟ್ಟು, ಒಂದು ಸಲ ಹಾರ್ನ್ ಹೊಡೆದು ಹೊರಟುಬಿಡುತ್ತೇವೆ. ಸುಲಿದ ಮುಖವನ್ನು ಯಾರೂ ನೋಡಬಾರದು, ಅದು ಮರ್ಯಾದೆ. ಆ ಮರ್ಯಾದೆಯ ಬಗ್ಗೆ ನಮಗೆ ಹೆಮ್ಮೆ ಬೇರೆ.

ಆ ನಾಲ್ಕು ವಾರದಲ್ಲಿ ನಾನೇ ಐದು ಸಲ ಹೋಗಿದ್ದೆ. ಕುರಿಮಾಂಸದ ಸಾರು, ಕುಂಬಳಕಾಯಿ ಬನ್ನು, ಒಮ್ಮೆ ಇಡೀ ಕೋಳಿ. ತೊಳೆದಿಟ್ಟ ಹಿಂದಿನ ಪಾತ್ರೆ ಎತ್ತಿಕೊಂಡು, ಹಾರ್ನ್ ಹೊಡೆದು, ಕಿಟಕಿಯ ಪರದೆ ಅಲ್ಲಾಡಿದರೆ ಕೈ ಬೀಸಿ ಬರುತ್ತಿದ್ದೆ. ಗೇಟಿನಿಂದ ಬಾಗಿಲಿಗೆ ನಲವತ್ತು ಹೆಜ್ಜೆ ಇರಬಹುದು. ನಿಜ ಹೇಳಬೇಕೆಂದರೆ, ಟೋಪಿ ಕಂಡಾಗ ನನಗೆ ನಿರಾಳವಾಗುತ್ತಿತ್ತು. ಹೆಂಡತಿ ಸತ್ತವನ ಎದುರಿಗೆ ಕೂತು ಏನು ಮಾತಾಡುವುದು?

ಆಗಸ್ಟ್ ಹೊತ್ತಿಗೆ ಹೊಪ್ಪಳೆಯೆಲ್ಲ ಉದುರಿ ಮುಖ ಮಗುವಿನದರಂತೆ ಗುಲಾಬಿಯಾಯಿತು. ಅಂಗಡಿಗೆ ಬಂದಾಗ ಎಲ್ಲರೂ ಹತ್ತು ವರ್ಷ ಚಿಕ್ಕವನಾದೆ ಅಂದರು, ಬೆನ್ನು ತಟ್ಟಿದರು, ತಮ್ಮ ತಮ್ಮ ದಾರಿ ಹಿಡಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ ಬಂದ.

"ಇನ್ನೊಂದು ಟ್ಯೂಬು ಕೊಡು. ಕೈಗೆ."

ಕೈ ಎಳೆದು ಬೆಳಕಿಗೆ ಹಿಡಿದು ನೋಡಿದೆ. "ಕೈಗೇನೂ ಆಗಿಲ್ವಲ್ಲೋ. ಚೀಟಿ ಎಲ್ಲಿ?"

"ಚೀಟಿ ಇಲ್ಲ. ಆ ಮೂರು ತಿಂಗಳ ಜೆಲ್ಲಾದ್ರೂ ಕೊಡು ಹಾಗಾದ್ರೆ."

"ತಲೆ ಕೆಟ್ಟಿದೆಯಾ ನಿನಗೆ? ಜನ ಆ ಉರಿ ತಾಳಲಾರದೆ ಅರ್ಧಕ್ಕೇ ಬಿಟ್ಟು ಓಡ್ತಾರೆ, ನೀನು ನೋಡಿದ್ರೆ ಇನ್ನಷ್ಟು ಕೊಡು ಅಂತೀಯ!"

ಅವನು ನಗಲಿಲ್ಲ. ಕೌಂಟರಿನ ಮೇಲಿದ್ದ ಕೆಮ್ಮಿನ ಮಾತ್ರೆಯ ಡಬ್ಬಿಗಳನ್ನು ಒಂದೊಂದಾಗಿ ಸಾಲಿಗೆ ಜೋಡಿಸಿದ.

"ಆ ನಾಲ್ಕು ವಾರ ಚೆನ್ನಾಗಿತ್ತು ಕಣೇ. ದಿನಾ ಯಾರಾದ್ರೂ ಹಾರ್ನ್ ಹೊಡೀತಿದ್ರು. ಶಬ್ದ ಕೇಳಿದ್ರೇ ಯಾರ ಗಾಡಿ ಅಂತ ಹೇಳ್ತಿದ್ದೆ. ನಿಂದು ನೆಗಡಿ ಆದಂಗೆ ಕೂಗುತ್ತೆ." ಕೊನೇ ಡಬ್ಬಿ ಸರಿಸಿಟ್ಟು ಅಂದ, "ಟೋಪಿ ಇದ್ದಾಗ ಯಾರೂ ಒಳಗೆ ಬರದೇ ಇರೋದಕ್ಕೆ ಒಂದು ಕಾರಣ ಇತ್ತು ಐಲ್ಸಾ. ಈಗ ಯಾವ ಕಾರಣಾನೂ ಇಲ್ಲ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇಂಥ ಮಾತನ್ನು ನಮ್ಮ ಕಡೆಯ ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಅಷ್ಟು ಹೇಳಬೇಕಾದರೆ ಅವನು ಮನೆಯಲ್ಲಿ ಎಷ್ಟು ದಿನ ಅದನ್ನೇ ನುಂಗಿಕೊಂಡಿದ್ದನೋ.

"ಭಾನುವಾರ ಬರ್ತೀನಿ ವಿಲ್ಫ್. ಚಹಾಕ್ಕೆ."

"ಹೂಂ, ಬಾ," ಅಂದ, ಹವಾಮಾನದ ಬಗ್ಗೆ ಮಾತಾಡಿದ ಹಾಗೆ. ಬರ್ತೀನಿ ಬರ್ತೀನಿ ಅಂತ ಹೇಳುವುದು ನಮ್ಮೂರಲ್ಲಿ ನಮಸ್ಕಾರ ಹೇಳಿದಷ್ಟೇ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಅವನಿಗೆ ಅದನ್ನು ಇಡೀ ಊರು ಹೇಳಿತ್ತು, ನಾನೂ ಹೇಳಿದ್ದೆ.

ಭಾನುವಾರ ಬರಿಗೈಲೇ ಹೋದೆ. ಹಾರ್ನ್ ಹೊಡೆಯದೆ ಗೇಟು ತೆಗೆದು ಒಳಗೆ ನಡೆದೆ. ಬಾಗಿಲು ತೆಗೆದವನು ನನ್ನ ಬೆನ್ನ ಹಿಂದೆ ನೋಡಿದ, ನಾನು ಬೇರೆ ಯಾರದೋ ಮನೆಯ ದಾರಿ ಕೇಳಲು ಬಂದಿದ್ದೇನೆ ಎಂಬಂತೆ. ಆಮೇಲೆ ಗಡಿಬಿಡಿ ಬಿದ್ದು, "ಬಾ, ಬಾ, ಕೂತ್ಕೋ," ಅಂದ. ಅಡುಗೆಮನೆಯ ಮೇಜಿಗೆ ಎರಡು ಕುರ್ಚಿ. ಒಂದರ ಮೇಲೆ ಅವನು ಕೂರುತ್ತಿದ್ದ. ಇನ್ನೊಂದರ ಮೇಲೆ ಹಳೇ ಪತ್ರಿಕೆಗಳ ರಾಶಿ, ನನ್ನ ಎದೆಯ ಮಟ್ಟಕ್ಕೆ.

"ಒಂದು ನಿಮಿಷ, ಒಂದು ನಿಮಿಷ," ಎನ್ನುತ್ತ ತಬ್ಬಿ ತಬ್ಬಿ ಎತ್ತಿ ನೆಲಕ್ಕಿಡತೊಡಗಿದ. ನಾನೂ ಕೈ ಹಾಕಿದೆ. ಕೊನೆಯ ಹಿಡಿ ನನ್ನ ಕೈಗೆ ಬಂತು, ಹಳದಿಯಾಗಿ ಕುರ್ಚಿಗೆ ಅಂಟಿಕೊಂಡಿತ್ತು. ಎಲ್ಲಕ್ಕಿಂತ ಅಡಿಯಲ್ಲಿದ್ದ ಪತ್ರಿಕೆಯ ತಾರೀಖು ಓದಿದೆ. ಅದು ಗ್ವೆಂಡಾ ಸತ್ತ ವಾರದ್ದು.