ನೋವಿಲ್ಲದ ದಿನಗಳ ಮಾತ್ರೆ

ಮೊನ್ನೆ ಬಸ್ಸಿನಲ್ಲಿ ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ, ನಮ್ಮ ಡ್ರೈವರಣ್ಣ ಕಣ್ಣ ಮುಂದೆ ಬಂದು ನಿಂತರು...

ಆಗ ನಾನು ಶಿವಮೊಗ್ಗದ ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಭದ್ರಾವತಿಯಿಂದ ದಿನವೂ ಓಡಾಡುತ್ತಿದ್ದೆ. ಬೆಳಗಿನ ಖಾಸಗಿ ಬಸ್ಸಿಗೆ ಅವರೇ ಡ್ರೈವರ್. ಹಂಪ್ ಬರುವ ಮೊದಲೇ "ಹಿಡ್ಕೊಳಿ, ಹಿಡ್ಕೊಳಿ" ಎಂದು ಕೂಗಿ ಹೇಳುವಂಥವರು.

ಒಂದು ಬೆಳಗ್ಗೆ ಶಿವಮೊಗ್ಗ ಮುಟ್ಟುವ ಹೊತ್ತಿಗೆ ಬಸ್ಸನ್ನು ಹೇಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗಿಗೆ ತಲೆ ಆನಿಸಿಬಿಟ್ಟರು. ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ ಮಿರುಗುತ್ತಿತ್ತು. ಮಲಗುವಾಗ ಏನೂ ಇರಲಿಲ್ಲವಂತೆ. ಏಳುವಾಗ ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಉಳುಕಿರಬೇಕೆಂದು ಮುಲಾಮು ಹಚ್ಚಿಕೊಂಡು ಬಂದಿದ್ದರು.

"ಬ್ರೇಕ್ ತುಳಿಯಕ್ಕಾಗ್ತಿಲ್ಲ ಕಣಮ್ಮ. ಇಷ್ಟು ಜನ ಕೂತಿದಾರೆ..." ಎಂದಾಗ ಅವರ ಕಣ್ಣು ತುಂಬಿತ್ತು.

ಆಟೋದಲ್ಲಿ ನಮ್ಮ ಕ್ಲಿನಿಕ್ಕಿಗೇ ಕರೆದೊಯ್ದೆ. ಡಾಕ್ಟರು ಕಾಲು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಉಳುಕಲ್ಲ, ಗೌಟ್ ಎಂದರು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಅದರ ಹರಳು ಕೀಲಿನಲ್ಲಿ ಕೂತಿತ್ತು. ಆ ಹೊತ್ತಿನ ನೋವಿಗೆ ಒಂದು ಔಷಧಿ, ಆಸಿಡ್ ಇಳಿಸಲು ದಿನಕ್ಕೊಂದು ಮಾತ್ರೆ ಬರೆದರು. ಕುಡಿತ, ಬೋಟಿ-ಲಿವರಿನಂಥ ಮಾಂಸ ಬೇಡವೆಂದರು. "ನೋವು ಹೋಯ್ತು ಅಂತ ಈ ಮಾತ್ರೆ ಬಿಡ್ಬೇಡಿ. ನೋವಿನ ಗುಳಿಗೆ ನೀವೇ ತಗೊಂಡು ನುಂಗ್ಬೇಡಿ, ಕಿಡ್ನಿ ಹೋಗುತ್ತೆ."

ಕಾಲು ಸರಿಹೋಯಿತು. ಮಾತ್ರೆ ನಿಂತಿತು. ಕೇಳಿದರೆ, "ನೋವೇ ಇಲ್ದಾಗ ಮಾತ್ರೆ ಯಾಕೆ ಮಾರಾಯ್ತಿ?" ಎಂದು ನಗುತ್ತಿದ್ದರು. ನೋವು ಮರಳಿದಾಗಲೆಲ್ಲ ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಸೀಟು ಹತ್ತುವರು. ರಜೆ ಹಾಕಿದರೆ ಆ ಸೀಟಿಗೆ ಬೇರೆಯವರು ಬಂದುಬಿಡುತ್ತಾರೆಂಬ ಭಯ. ಬೈದೆ, ಬೇಡಿಕೊಂಡೆ... ಅವರ ಹೆಂಡತಿ ಊಟದ ತಟ್ಟೆಯ ಪಕ್ಕ ಮಾತ್ರೆ ಇಡುತ್ತಿದ್ದರಂತೆ. ತಟ್ಟೆ ಖಾಲಿಯಾಗುತ್ತಿತ್ತು, ಮಾತ್ರೆ ಅಲ್ಲೇ ಉಳಿಯುತ್ತಿತ್ತು.

ಕೆಲವು ವರ್ಷಗಳಲ್ಲಿ ಕಿಡ್ನಿ ಸೋತಿತು. ಡಯಾಲಿಸಿಸ್ಸಿಗೆಂದು ಅದೇ ಬಸ್ಸಿನಲ್ಲಿ, ಹೆಂಡತಿಯೊಂದಿಗೆ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದರು. ಮುಂದೆ ಜಾಗ ಕೊಟ್ಟರೂ ಒಲ್ಲರು. "ಬೇರೆಯವ್ರು ಓಡ್ಸೋದು ನೋಡಕ್ಕಾಗಲ್ಲ ಕಣಮ್ಮ" ಎಂದಿದ್ದರು ಒಮ್ಮೆ. ಆಮೇಲೆ ಒಂದು ವಾರ ಇಬ್ಬರೂ ಕಾಣಲಿಲ್ಲ. ಅವರು ತೀರಿಕೊಂಡ ವಿಷಯ ಹೇಳಿದ್ದು ಕಂಡಕ್ಟರ್.

ಈಚೆಗೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಅವರ ಹೆಂಡತಿ ಸಿಕ್ಕರು. ನನ್ನ ಕೈ ಹಿಡಿದುಕೊಂಡು, "ಆ ಮಾತ್ರೆ ನಾನೇ ಬಾಯಿಗೆ ಹಾಕ್ಬೇಕಿತ್ತೇನಮ್ಮ?" ಎಂದರು.

ಕೈ ಬಿಡಿಸಿಕೊಳ್ಳಲಾಗದೆ ನಿಂತೇ ಇದ್ದೆ. ನನ್ನ ಬಸ್ಸು ಬಂತು, ಹೊರಟೂ ಹೋಯಿತು.